ಒಂದು ಗಂಟೆ ಹತ್ತು ನಿಮಿಷದ ದಾರಿ

ಜಗಳಕ್ಕೆ ಬೀಜ ಬಿದ್ದದ್ದು ಅಳಿಯನ ಫೋನಿನಿಂದ. ಹೆಂಡತಿಯನ್ನೂ ಎರಡು ತಿಂಗಳ ಕೂಸನ್ನೂ ಕರೆದುಕೊಂಡು ಹೋಗಲು ಬಂದವನು ಊಟದ ಮೇಜಿನ ಮುಂದೆ ಕೂತು, ಮಾವನ ಮನೆಯ ಊರಿನ ವಿಮಾನ ನಿಲ್ದಾಣದ ಹೆಸರನ್ನೂ ತನ್ನ ಊರಿನದನ್ನೂ ಒತ್ತಿದ. ಆರುನೂರ ಎಂಬತ್ತು ಕಿಲೋಮೀಟರ್ ದೂರ, ಒಂದು ಗಂಟೆ ಹತ್ತು ನಿಮಿಷದ ಹಾರಾಟ ಎಂದು ಬಂತು. ಅಳಿಯ ಫೋನನ್ನು ಅನ್ನದ ಪಾತ್ರೆಯ ಪಕ್ಕ ಎಲ್ಲರಿಗೂ ಕಾಣುವ ಹಾಗೆ ಇಟ್ಟ.

“ನೋಡಿ ಅತ್ತೆ, ಒಂದು ಗಂಟೆ ಹತ್ತು ನಿಮಿಷ. ನಮ್ಮ ಗೋದಾಮಿಂದ ಮನೆಗೆ ಬರೋಕೆ ನಂಗೆ ಇದಕ್ಕಿಂತ ಜಾಸ್ತಿ ಹೊತ್ತು ಬೇಕು. ಹತ್ತು ದಿನ ಅಲ್ಲಿರಿ, ಹತ್ತು ದಿನ ಇಲ್ಲಿರಿ. ಯಾರಿಗೂ ತೊಂದ್ರೆ ಇಲ್ಲ.”

ಆ ‘ಯಾರಿಗೂ’ ಎನ್ನುವುದರಲ್ಲಿ ಯಾರು ಯಾರು ಸೇರಿದ್ದಾರೆ ಎಂದು ಅವನ ಅತ್ತೆ ಟೈಲರಮ್ಮ ಕೇಳಲಿಲ್ಲ. ಬಡಿಸುವವರು ಪ್ರಶ್ನೆ ಕೇಳುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬೀದಿಯವರ ಪ್ಯಾಂಟು ಗಿಡ್ಡ ಮಾಡಿ, ಶಾಲೆ ಮಕ್ಕಳ ಸಮವಸ್ತ್ರ ಅಗಲ ಮಾಡಿ ಕೊಡುತ್ತಿದ್ದುದರಿಂದ ಬೀದಿಯೆಲ್ಲ ಅವಳನ್ನು ಟೈಲರಮ್ಮ ಎನ್ನುತ್ತಿತ್ತು. ಮನೆಯವರಿಗೆ ಮಾತ್ರ ಅದು ಕೆಲಸವಾಗಿ ಕಂಡದ್ದಿಲ್ಲ. ಬಿಡುವಿದ್ದಾಗ ಏನೋ ತುಳಿಯುತ್ತಾಳೆ ಎಂದುಕೊಂಡಿದ್ದರು.

ಕಷ್ಟವಂತೂ ನಿಜವೇ ಇತ್ತು. ಮಗಳು ಕನ್ನಡಕದ ಅಂಗಡಿಯ ಕೆಲಸಕ್ಕೆ ಮರಳದಿದ್ದರೆ ಆ ಜಾಗ ಬೇರೆಯವರ ಪಾಲು. ಇತ್ತ ಟೈಲರಮ್ಮನ ಮಾವ ಸ್ನಾನದ ಮನೆಯಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು, ನಾಲ್ಕು ಕಾಲಿನ ಊರುಗೋಲು ಹಿಡಿದು ಹೆಜ್ಜೆ ಕಲಿಯುತ್ತಿದ್ದರು. ಮಾತಿಗೆ ಮಾತ್ರ ಊರುಗೋಲು ಬೇಕಿರಲಿಲ್ಲ. ನಲವತ್ತು ವರ್ಷ ಲಾರಿ ಓಡಿಸಿದ ಗಂಟಲು ಅದು.

“ಇವಳು ಹೋದ್ರೆ ನನ್ನನ್ನ ಯಾರು ನೋಡ್ತಾರೆ?” ಎಂದರು.

“ನಾನಿಲ್ವಾ ಅಪ್ಪಾ?” ಎಂದ ಟೈಲರಮ್ಮನ ಗಂಡ. ಅವನು ಲಿಫ್ಟ್ ರಿಪೇರಿಯವನು, ದೊಡ್ಡ ದೊಡ್ಡ ಕಟ್ಟಡಗಳಲ್ಲಿ ಸಿಕ್ಕಿಕೊಂಡವರನ್ನು ಬಿಡಿಸುವವನು. “ವಿಮಾನ ಅಂದ್ರೆ ಏನು, ಅದೂ ಒಂದು ಲಿಫ್ಟೇ. ಹತ್ತೋದು, ಇಳಿಯೋದು. ಹತ್ತು ದಿನ ಅಲ್ವಾ, ನಾನೇ ಸಂಭಾಳಿಸ್ತೀನಿ.”

“ನೀನು ಸಂಭಾಳಿಸೋದು ನಂಗೊತ್ತು. ಬೆಳಿಗ್ಗೆ ಮೊಟ್ಟೆ, ಮಧ್ಯಾಹ್ನ ಮೊಟ್ಟೆ, ರಾತ್ರಿ ಮೊಟ್ಟೆ. ತಿಂಗಳು ಕಳೆದ್ರೆ ನಾನು ಕಾವಿಗೆ ಕೂರ್ಬೇಕಾಗುತ್ತೆ.”

ಎಲ್ಲರೂ ನಕ್ಕರು. ನಗುವಿನ ನಡುವೆಯೇ ವಿಷಯ ತೀರ್ಮಾನವಾಗಿ ಹೋಯಿತು. ಮಗಳು ಕೂಸನ್ನು ತೊಡೆ ಬದಲಿಸುತ್ತ, “ಬರ್ತೀಯಲ್ವಾ ಅಮ್ಮ?” ಎಂದಳು. ಅವಳ ಕಣ್ಣ ಕೆಳಗಿನ ಕಪ್ಪು ನೋಡಿ ಟೈಲರಮ್ಮ, “ಬರದೆ ಏನು ಮಾಡ್ತೀನಿ” ಎಂದಳು.

ಒಂದು ಗಂಟೆ ಹತ್ತು ನಿಮಿಷ ಎನ್ನುವುದು ವಿಮಾನ ನೆಲ ಬಿಟ್ಟಿರುವ ಹೊತ್ತು. ಟೈಲರಮ್ಮ ನೆಲ ಬಿಡಬೇಕಾದರೆ ಕತ್ತಲಿರುವಾಗಲೇ ಏಳಬೇಕಿತ್ತು. ಎದ್ದು ಮಾವನ ಹಾಸಿಗೆಯ ಬಟ್ಟೆ ಬದಲಿಸಿ, ಎರಡು ದಿನಕ್ಕಾಗುವಷ್ಟು ಪಲ್ಯ ಮಾಡಿ ಫ್ರಿಜ್ಜಿನಲ್ಲಿಟ್ಟು, ಗಂಡನಿಗೆ ಡಬ್ಬಿ ಕಟ್ಟಿ, ಬೀದಿಯವರ ಬಟ್ಟೆಗಳಲ್ಲಿ ತೀರಾ ಅವಸರದ್ದನ್ನು ಹೊಲಿದು ಮುಗಿಸಿ, ಎರಡು ಬಸ್ಸು ಬದಲಿಸಿ ನಿಲ್ದಾಣ ಸೇರುವಷ್ಟರಲ್ಲಿ ಅವಳ ದಿನ ಅರ್ಧ ಸವೆದಿರುತ್ತಿತ್ತು. ಅಲ್ಲಿ ಸಾಲು, ಇಲ್ಲಿ ಸಾಲು, ಬೆಲ್ಟಿನ ಮೇಲೆ ಚೀಲ. ವಿಮಾನದಲ್ಲಿ ಕೂತು ಪಟ್ಟಿ ಬಿಗಿದು ಇನ್ನೇನು ಕಣ್ಣು ಹತ್ತಬೇಕು, ಅಷ್ಟರಲ್ಲಿ ಇಳಿಯುವ ಗಂಟೆ ಬಾರಿಸುತ್ತಿದ್ದರು.

ಇಳಿದು ಮಗಳ ಮನೆಯ ಬಾಗಿಲು ತಟ್ಟಿದರೆ, ಚಪ್ಪಲಿ ಬಿಡುವ ಮೊದಲೇ ಕೂಸು ಕೈಗೆ ಬರುತ್ತಿತ್ತು.

“ಬಂದ್ಯಾ ಅಮ್ಮ? ಹಿಡ್ಕೋ. ನಾನು ಸ್ನಾನ ಮಾಡಿ ಮೂರು ದಿನ ಆಯ್ತು.”

ಅಳಿಯ ಅಡುಗೆಮನೆಯಿಂದ ಇಣುಕಿ, “ಒಳ್ಳೇ ಹೊತ್ತಿಗೆ ಬಂದ್ರಿ ಅತ್ತೆ. ರಾತ್ರಿ ಅಡುಗೆಗೆ ಏನು ಮಾಡೋದು ಅಂತ ಯೋಚಿಸ್ತಿದ್ದೆ” ಎನ್ನುತ್ತಿದ್ದ. ಮತ್ತೆ ಯೋಚಿಸುವ ಕೆಲಸವನ್ನು ಅವನು ಅಲ್ಲಿಗೇ ಬಿಡುತ್ತಿದ್ದ.

ಒಂದೇ ದಿನ ಎರಡು ಊರಿನ ಎರಡು ಒಲೆ ಹಚ್ಚಿದ ಹೆಂಗಸು ಆ ಬೀದಿಯಲ್ಲಿ ಬೇರೆ ಯಾರೂ ಇರಲಿಲ್ಲ. ಹತ್ತು ದಿನ ಅಲ್ಲಿ ಕೂಸಿನ ಬಟ್ಟೆ, ಬಾಟಲಿ, ನಿದ್ದೆಗೆಟ್ಟ ಮಗಳು. ವಾಪಸು ಬಂದರೆ ಇಲ್ಲಿ ತೊಟ್ಟಿ ತುಂಬ ಪಾತ್ರೆ, ಮೂಲೆಯಲ್ಲಿ ಹೊಲಿಗೆಗೆ ಬಂದ ಬಟ್ಟೆಯ ಗುಡ್ಡ, ಹಾಸಿಗೆಯ ಮೇಲಿಂದ ಮಾವನ ದೂರು. ಬರುವ ದಾರಿ ಅಷ್ಟು ಚಿಕ್ಕದಾದ್ದರಿಂದ, ದಾರಿಯಲ್ಲಿ ಯಾರಿಗಾದರೂ ದಣಿವಾಗಬಹುದು ಎಂಬ ಯೋಚನೆಯೇ ಯಾರಿಗೂ ಬರಲಿಲ್ಲ.

ಒಮ್ಮೆ ಊಟ ಬಡಿಸುತ್ತ, “ಯಾಕೋ ತುಂಬಾ ಸುಸ್ತು” ಎಂದಳು.

“ಕೂತ್ಕೊಂಡು ತಾನೇ ಬಂದಿದ್ದು?” ಎಂದ ಗಂಡ, ಕೆಟ್ಟ ಮನಸ್ಸಿನಿಂದಲ್ಲ. ದಿನವಿಡೀ ಲಿಫ್ಟಿನ ಕೆಳಗಿನ ಗುಂಡಿಯಲ್ಲಿ ನಿಂತು ಬಂದವನ ಲೆಕ್ಕ ಅದು.

“ನಮ್ಮ ಕಾಲದಲ್ಲಿ ಆ ಊರಿಗೆ ಲಾರೀಲಿ ಎರಡು ರಾತ್ರಿ ಮೂರು ಹಗಲು” ಎಂದರು ಮಾವ. “ಈಗ ಏನಮ್ಮಾ, ಒಂದು ಕೆಮ್ಮು ಕೆಮ್ಮೋದ್ರಲ್ಲಿ ಊರು ಬರುತ್ತೆ. ನಂಗೆ ಇನ್ನೊಂದು ಚೂರು ಅನ್ನ.”

ಟೈಲರಮ್ಮ ಇನ್ನೊಂದು ಚೂರು ಅನ್ನ ಹಾಕಿದಳು.

ಮೂರನೆಯ ಸಲ ಹೊರಟ ದಿನ ಮಂಜು ಮುಸುಕಿ ನೇರ ವಿಮಾನ ರದ್ದಾಯಿತು. ಕೌಂಟರಿನವರು ಬೇರೊಂದು ಊರಿನ ಮೇಲೆ ಸುತ್ತಿಸಿ ಕಳಿಸಿದರು. ಆ ನಡುವಿನ ಊರಿನ ನಿಲ್ದಾಣದಲ್ಲಿ ಮುಂದಿನ ವಿಮಾನಕ್ಕೆ ನಾಲ್ಕು ಗಂಟೆ ಕಾಯಬೇಕಿತ್ತು. ಮೊದಲು ಅವಳಿಗೆ ಅಳುವೇ ಬಂತು. ಮಗಳಿಗೆ ಫೋನು ಮಾಡಿ ಹೇಳಿದಳು. ಮಗಳು, “ಅಯ್ಯೋ, ಸರಿ ಬಿಡು, ಏನು ಮಾಡೋಕಾಗುತ್ತೆ” ಎಂದು ಇಟ್ಟಳು.

ಏನೂ ಮಾಡೋಕಾಗುವುದಿಲ್ಲ. ಆ ಮಾತು ಟೈಲರಮ್ಮನ ಮನಸ್ಸಿಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಗಾಜಿನ ಗೋಡೆಯ ಪಕ್ಕ ಕಾಲು ಚಾಚಿ ಒರಗುವ ಉದ್ದ ಕುರ್ಚಿಗಳ ಸಾಲಿತ್ತು. ಒಂದು ಲೋಟ ಚಹಾ ತಂದು ಕೂತಳು. ಹೊಲಿಗೆಯ ಸ್ಟೂಲಿಗೆ ಬೆನ್ನಿಲ್ಲ, ಮಗಳ ಮನೆಯಲ್ಲಿ ಅವಳು ಕೂರುವ ಮಂಚದ ಅಂಚಿಗೂ ಬೆನ್ನಿಲ್ಲ. ಈ ಕುರ್ಚಿಗೆ ಬೆನ್ನಿತ್ತು. ಚಪ್ಪಲಿ ಬಿಟ್ಟು ಕಾಲು ಮೇಲಿಟ್ಟಳು. ಚಹಾ ಬಿಸಿಯಾಗಿರುವಾಗಲೇ ಕುಡಿದು ಮುಗಿಸಿದಳು. ಹಾಗೆ ಕುಡಿದು ಯಾವ ಕಾಲವಾಗಿತ್ತೋ. ಆಮೇಲೆ ಬಾಯಿ ಬಿಟ್ಟುಕೊಂಡು ಮಲಗಿಬಿಟ್ಟಳು.

ಎಚ್ಚರವಾದಾಗ ಅವಳನ್ನು ಯಾರೂ ‘ಅಮ್ಮ’ ಎಂದಿರಲಿಲ್ಲ, ‘ಏನೇ’ ಎಂದಿರಲಿಲ್ಲ, ‘ಏನಮ್ಮಾ’ ಎಂದಿರಲಿಲ್ಲ. ಎದುರಿಗೆ ಒಬ್ಬ ಮುದುಕ ಪತ್ರಿಕೆ ಓದುತ್ತಿದ್ದ, ಇನ್ನೊಬ್ಬಳು ಉಗುರು ನೋಡಿಕೊಳ್ಳುತ್ತಿದ್ದಳು. ಟೈಲರಮ್ಮನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅದರ ಬೆನ್ನಿಗೇ ನಾಚಿಕೆಯೂ ಆಯಿತು. ಅಷ್ಟು ದೂರದಲ್ಲಿ ಮಗಳು ಒಬ್ಬಳೇ ಒದ್ದಾಡುತ್ತಿದ್ದಾಳೆ, ನಾನಿಲ್ಲಿ ಕಾಲು ಚಾಚಿದ್ದೇನೆ ಎಂದುಕೊಂಡಳು. ಅಂದುಕೊಂಡರೂ ಕಾಲು ಮಡಚಲಿಲ್ಲ.

ಮುಂದಿನ ಸಲ ಅವಳು ಮನೆಯಲ್ಲಿ, “ಪ್ರತಿ ಸಲ ಅಳಿಯಂದ್ರೇ ಟಿಕೆಟ್ ತೆಗೆಸೋದು ಚೆನ್ನಾಗಿರಲ್ಲ. ಇನ್ಮೇಲೆ ನನ್ನ ಹೊಲಿಗೆ ದುಡ್ಡಲ್ಲಿ ನಾನೇ ತಗೋತೀನಿ” ಎಂದಳು. ಗಂಡನಿಗೆ ಹೆಮ್ಮೆಯಾಯಿತು. ಅಳಿಯ ಎರಡು ಸಲ ಬೇಡ ಎಂದು ಮೂರನೆಯ ಸಲ ಒಪ್ಪಿದ.

ಬೀದಿ ತಿರುವಿನ ಟಿಕೆಟ್ ಅಂಗಡಿಯವಳು ಕಂಪ್ಯೂಟರಿನಿಂದ ತಲೆ ಎತ್ತಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

“ಟೈಲರಮ್ಮ, ನೇರ ವಿಮಾನ ಇದೆಯಲ್ಲ. ಮಧ್ಯಾಹ್ನ ಒಂದು ಗಂಟೆ ಸುಮಾರಿಗೆ ಊರು ಸೇರ್ತೀರಿ. ನೀವು ಕೇಳೋ ಈ ಸುತ್ತು ದಾರೀದಾದ್ರೆ ಸಂಜೆ ಆರೂವರೆ.”

“ಅದೇ ಕೊಡಮ್ಮ, ಆರೂವರೇದು.”

“ದುಡ್ಡೂ ಜಾಸ್ತಿ ಇದೆ.”

“ಇರ್ಲಿ.”

“ಜಾಸ್ತಿ ದುಡ್ಡು ಕೊಟ್ಟು ಜಾಸ್ತಿ ಹೊತ್ತು ಕೂರೋರನ್ನ ಇದೇ ಮೊದ್ಲು ನೋಡ್ತಿರೋದು.”

“ನೋಡಿದ್ಯಲ್ಲ, ಸುಮ್ನಿರು. ಯಾರಿಗೂ ಹೇಳ್ಬೇಡ. ನಿನ್ನ ಮಗನ ನಿಕ್ಕರು ನಾಳೆ ಕೊಡ್ತೀನಿ.”

ಅಂದಿನಿಂದ ಹೋಗುವಾಗಲೂ ಬರುವಾಗಲೂ ಟೈಲರಮ್ಮನ ವಿಮಾನ ‘ತಡ’ವಾಗತೊಡಗಿತು. ನಡುವಿನ ನಿಲ್ದಾಣದಿಂದ ಫೋನು ಮಾಡಿ, “ಇನ್ನೂ ಹತ್ತಿಸಿಲ್ಲ, ಯಾವಾಗ ಹತ್ತಿಸ್ತಾರೋ ಗೊತ್ತಿಲ್ಲ” ಎನ್ನುತ್ತಿದ್ದಳು. ಅದರಲ್ಲಿ ಸುಳ್ಳು ಅರ್ಧವೇ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದಳು. ಮನೆಯಲ್ಲಿ ವಿಮಾನದ ಕಂಪನಿಯ ಮಾನ ಹರಾಜಾಯಿತು. ಗಂಡ, “ಯಂತ್ರ ಸರಿಯಾಗಿ ನೋಡ್ಕೊಳ್ಳಲ್ಲ ಅವ್ರು” ಎಂದ. ಮಾವ, “ಯಂತ್ರ ಅಲ್ಲ, ಡ್ರೈವರ್ ಸೋಂಬೇರಿ. ಎಲ್ಲೋ ನಿಲ್ಲಿಸಿ ಚಹಾ ಕುಡಿತಾನೆ” ಎಂದರು. ಚಹಾ ಕುಡಿದವಳು ಬಾಗಿ ನೆಲ ಒರೆಸುತ್ತಿದ್ದಳು.

ಆದರೆ ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಅಳಿಯ ಕೆಲಸ ಮಾಡುತ್ತಿದ್ದುದು ಪಾರ್ಸೆಲ್ ಸಾಗಿಸುವ ಕಂಪನಿಯಲ್ಲಿ. ಯಾವ ಪೆಟ್ಟಿಗೆ ಯಾವ ಊರು ದಾಟಿತು ಎಂದು ಫೋನಿನಲ್ಲಿ ನೋಡುವುದೇ ಅವನ ದಿನದ ಕಸುಬು. ಒಂದು ದಿನ ಅತ್ತೆ ಇನ್ನೂ ಯಾಕೆ ಬರಲಿಲ್ಲ ಎಂದು ಪೆಟ್ಟಿಗೆಯನ್ನು ಹುಡುಕುವ ಹಾಗೆಯೇ ಅವಳು ಬರಬೇಕಿದ್ದ ನೇರ ವಿಮಾನವನ್ನೂ ಹುಡುಕಿದ. ವಿಮಾನ ಹೇಳಿದ ಹೊತ್ತಿಗೆ ಸರಿಯಾಗಿ ಇಳಿದಿತ್ತು. ಎಲ್ಲರೂ ಇಳಿದು ಹೋಗಿ ಎಷ್ಟೋ ಹೊತ್ತಾಗಿತ್ತು. ಅತ್ತೆ ಮಾತ್ರ ಇರಲಿಲ್ಲ, ಅವಳ ಫೋನೂ ಆಫ್ ಆಗಿತ್ತು.

ಟೈಲರಮ್ಮ ಆರೂವರೆಗೆ ಇಳಿದು ಫೋನು ಹಚ್ಚಿದಾಗ ಅದು ಬಿಡದೆ ನಡುಗತೊಡಗಿತು. ಮಗಳ ಕರೆ, ಅಳಿಯನ ಕರೆ, ಗಂಡನ ಕರೆ, ಮತ್ತೆ ಮಗಳ ಕರೆ. ಟ್ಯಾಕ್ಸಿ ಹಿಡಿದು ಓಡಿದಳು. ಬಾಗಿಲು ತೆರೆದೇ ಇತ್ತು. ಮಗಳು ಅತ್ತು ಮುಖ ಊದಿಸಿಕೊಂಡು ನಿಂತಿದ್ದಳು. ಆ ಹೊತ್ತು ಮಾತ್ರ ಕೂಸನ್ನು ಕೈಗೆ ಕೊಡಲಿಲ್ಲ.

“ಎಲ್ಲಿದ್ದೆ ಅಮ್ಮ?”

“ಬಂದ್ನಲ್ಲ.”

“ಎಲ್ಲಿದ್ದೆ ಅಂತ ಕೇಳ್ದೆ. ಆಸ್ಪತ್ರೆಗೆಲ್ಲ ಫೋನ್ ಮಾಡಿದ್ವಿ. ಅಪ್ಪ ಅಲ್ಲಿ ನಿಲ್ದಾಣಕ್ಕೆ ಹೋಗಿ ಕೌಂಟರಿನವರ ಜೊತೆ ಜಗಳ ಆಡ್ತಿದಾರೆ. ನಿನ್ನ ವಿಮಾನ ಮಧ್ಯಾಹ್ನನೇ ಬಂದಿದೆ.”

ಟೈಲರಮ್ಮ ಚೀಲ ಕೆಳಗಿಟ್ಟಳು. ಸುಳ್ಳು ಹೇಳಲು ಇನ್ನು ಶಕ್ತಿ ಇರಲಿಲ್ಲ. ನಡುವಿನ ಊರಿನ ವಿಷಯ, ಟಿಕೆಟ್ ಅಂಗಡಿಯ ವಿಷಯ, ಎಲ್ಲವನ್ನೂ ನಿಂತಲ್ಲೇ ಹೇಳಿದಳು. ಅಳಿಯ ಫೋನಿನಲ್ಲಿ ಅವಳ ಗಂಡನನ್ನು ಹಿಡಿದು, ಎಲ್ಲರಿಗೂ ಕೇಳುವ ಹಾಗೆ ಮಾಡಿದ.

“ನಾಲ್ಕು ಗಂಟೆ ಅಲ್ಲಿ ಏನ್ ಮಾಡ್ತೀಯೇ?” ಗಂಡನ ದನಿ ಕಡಿದು ಕಡಿದು ಬರುತ್ತಿತ್ತು.

“ಕೂತ್ಕೋತೀನಿ.”

“ಕೂತ್ಕೊಂಡು?”

“ಕೂತ್ಕೊಂಡು ಏನಿಲ್ಲ. ಕೂತ್ಕೋತೀನಿ ಅಷ್ಟೇ.”

“ಮನೇಲಿ ಕುರ್ಚಿ ಇರ್ಲಿಲ್ವಾ?”

“ಇದೆ. ಕೂತ್ರೆ ನೀವು ಕೇಳ್ತೀರಿ. ಟವೆಲ್ ಎಲ್ಲಿ, ಉಗುರು ಕತ್ತರಿಸೋದು ಎಲ್ಲಿ, ಅಪ್ಪನ ಮಾತ್ರೆ ಯಾವ್ದು. ಕೂತಲ್ಲಿಂದ ಹೇಳಿದ್ರೆ ನಿಮಗೆ ಸಿಗಲ್ಲ. ನಾನೇ ಎದ್ದು ಬರ್ಬೇಕು.”

“ಬೇಡ ಅಂದಿದ್ರೆ ಬಿಡ್ತಿದ್ವಪ್ಪ. ಬಾಯಿ ಬಿಟ್ಟು ಹೇಳ್ಬೇಕು ತಾನೇ?”

“ಸುಸ್ತು ಅಂದೆ. ಕೂತ್ಕೊಂಡು ತಾನೇ ಬಂದಿದ್ದು ಅಂದ್ರಿ.”

ಫೋನಿನ ಆ ಕಡೆ ಗಂಡ ಕೌಂಟರಿನವರಿಗೆ ‘ಸಿಕ್ಕಳು, ಬಿಡಿ’ ಎನ್ನುವುದು ಕೇಳಿಸಿತು. ಈ ಕಡೆ ಮಗಳು ಶುರು ಮಾಡಿದಳು. “ನನ್ನ ಕೂಸಿಗಿಂತ ಆ ಕುರ್ಚಿನೇ ಹೆಚ್ಚಾಯ್ತಾ ನಿಂಗೆ? ಇಲ್ಲಿ ನಾನು ಬಾಗಿಲು ನೋಡ್ಕೊಂಡು ಕೂತಿರ್ತೀನಿ. ಅಮ್ಮ ಬಂದ್ರೆ ಒಂದು ನಿಮಿಷ ಕಣ್ಣು ಮುಚ್ಚೋಣ ಅಂತ. ನೀನು ಅಲ್ಲಿ ನಿದ್ದೆ ಮಾಡ್ತಿದ್ಯಾ?”

“ಹೆಚ್ಚಲ್ಲ ಕಣೇ.” ಟೈಲರಮ್ಮ ಚಪ್ಪಲಿ ಬಿಟ್ಟು ಬದಿಗಿಟ್ಟಳು. “ಅಲ್ಲಿ ಯಾರೂ ನನ್ನನ್ನ ಏನೂ ಕೇಳಲ್ಲ. ಅಷ್ಟೇ. ನಿನ್ನ ಮೇಲೆ ಪ್ರೀತಿ ಇಲ್ದೆ ಅಲ್ಲ. ದಣಿದಿದೀನಿ. ನಂಗೂ ವಯಸ್ಸಾಯ್ತು.”

ಅದನ್ನು ಹೇಳಿದ ಮೇಲೆ ಅವಳು ಅಡುಗೆಮನೆಗೆ ಹೋಗಿ ಅನ್ನಕ್ಕಿಟ್ಟಳು. ಬೇರೆ ಯಾರೂ ಇಡುವ ಹಾಗೆ ಕಾಣಲಿಲ್ಲ.

ಮೂರು ದಿನ ಮಗಳು ಬೇಕಾದ್ದಕ್ಕಷ್ಟೇ ಮಾತಾಡಿದಳು. “ಬಾಟಲಿ ಕುದಿಸಿದ್ಯಾ?” “ಕುದಿಸಿದೀನಿ.” ಅಳಿಯ ಅತ್ತೆಯ ಎದುರು ಸಿಕ್ಕಿದಾಗಲೆಲ್ಲ ಬದಿಗೆ ಸರಿದು ದಾರಿ ಬಿಡುತ್ತಿದ್ದ. ಒಂದು ದಿನ ತನ್ನ ತಟ್ಟೆ ತಾನೇ ತೊಳೆದ. ಮರುದಿನ ಮರೆತ. ನಾಲ್ಕನೆಯ ದಿನ ಮಧ್ಯಾಹ್ನ ಕೂಸು ಮಲಗಿದ್ದಾಗ ಮಗಳು ಬಟ್ಟೆ ಮಡಚಲು ಪಕ್ಕದಲ್ಲಿ ಬಂದು ಕೂತಳು. ಸಣ್ಣ ಸಣ್ಣ ಅಂಗಿಗಳನ್ನು ಇಬ್ಬರೂ ಒಂದೊಂದಾಗಿ ಮಡಚಿದರು.

“ಅಲ್ಲಿ ಕಾಲು ಮೇಲಿಡೋಕಾಗುತ್ತಾ ಅಮ್ಮ?”

“ಹೂಂ. ಉದ್ದ ಕುರ್ಚಿ.”

“ನಂಗೂ ಹೋಗ್ಬೇಕು ಅನ್ಸುತ್ತೆ.” ಮಗಳು ಅಂಗಿಯಿಂದ ಕಣ್ಣೆತ್ತಲಿಲ್ಲ. “ಅವತ್ತು ಕೋಪ ಬಂದಿದ್ದು ನೀನು ಸುಳ್ಳು ಹೇಳಿದ್ದಕ್ಕಲ್ಲ. ನೀನು ಮಲಗಿದ್ದೆ ಅನ್ನೋದಕ್ಕೆ. ಹೊಟ್ಟೆಕಿಚ್ಚು.”

ಟೈಲರಮ್ಮ ಮಗಳ ತಲೆಯನ್ನು ಎಳೆದು ತೊಡೆಯ ಮೇಲಿಟ್ಟುಕೊಂಡಳು. ಮಗಳಿಗೆ ನಿದ್ದೆ ಹತ್ತಿತು. ಕೂಸು ಎದ್ದಾಗ ಅಳಿಯ ಮನೆಯಲ್ಲೇ ಇದ್ದ. ಟೈಲರಮ್ಮ ಅವನನ್ನು ಕರೆದು, “ನೀವು ಎತ್ಕೊಳ್ಳಿ. ನಂಗೆ ಏಳೋಕಾಗಲ್ಲ” ಎಂದಳು. ಅವನು ಕೂಸನ್ನು ಒಡೆಯುವ ಸಾಮಾನಿನ ಪಾರ್ಸೆಲ್ಲಿನ ಹಾಗೆ ಹಿಡಿದುಕೊಂಡು ಬಾಲ್ಕನಿಗೆ ಹೋದ. ಕೂಸು ಅತ್ತಿತು, ಆಮೇಲೆ ಸುಮ್ಮನಾಯಿತು.

ವಾಪಸು ಹೊರಡುವ ದಿನ ಅಳಿಯ ಟಿಕೆಟ್ ತೆಗೆಸಿ ಕೈಗಿಟ್ಟ. “ನೇರ ವಿಮಾನ ಅತ್ತೆ. ಬೇಗ ಮನೆಗೆ ಹೋಗಿ ಮಲ್ಕೊಳ್ಳಿ. ಮಾವಂಗೂ ಹೇಳಿದೀನಿ, ಕರ್ಕೊಂಡು ಹೋಗೋಕೆ ಬರ್ತಾರೆ.” ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಟೈಲರಮ್ಮ ವಾದ ಮಾಡಲಿಲ್ಲ. ಸುತ್ತು ದಾರಿಯ ದುಡ್ಡನ್ನು ಇನ್ನು ಯಾವ ಮುಖ ಇಟ್ಟುಕೊಂಡು ಖರ್ಚು ಮಾಡುವುದು ಎಂದೂ ಅನ್ನಿಸಿತು.

ವಿಮಾನ ಹೇಳಿದ ಹೊತ್ತಿಗೇ ಇಳಿಯಿತು. ಗಂಡ ಕಂಪನಿಯ ವ್ಯಾನು ತಂದು ಕಾದಿದ್ದ. ಚೀಲ ತಾನೇ ಎತ್ತಿಕೊಂಡ. ಬೀದಿ ತಿರುವಿನಲ್ಲಿ, “ಸುಸ್ತಾಗಿದೆಯಾ?” ಎಂದ.

“ಆಗಿದೆ.”

“ಮನೆ ಬಂತಲ್ಲ, ಬಿಡು.”

ಮನೆ ಬಂತು. ಮಾವ ಊರುಗೋಲು ಪಕ್ಕಕ್ಕಿಟ್ಟುಕೊಂಡು ಊಟದ ಮೇಜಿನ ಮುಂದೆ ಕೂತಿದ್ದರು, ಎದುರಿಗೆ ಬರಿ ತಟ್ಟೆ. ಒಲೆಯ ಪಕ್ಕದ ಪಾತ್ರೆಯಲ್ಲಿ ತೊಳೆದ ಅಕ್ಕಿ, ಹಲಗೆಯ ಮೇಲೆ ಒಂದು ಇಡೀ ಎಲೆಕೋಸು, ಅದರ ಪಕ್ಕ ಚಾಕು.

“ಅಕ್ಕಿ ನಾನೇ ತೊಳೆದಿಟ್ಟಿದೀನಿ” ಎಂದ ಗಂಡ. ಅವನ ಮುಖದಲ್ಲಿ ಸಂಕೋಚದ ಜೊತೆ ಸ್ವಲ್ಪ ಹೆಮ್ಮೆಯೂ ಇತ್ತು. “ಅಪ್ಪನೂ ತಿಂದಿಲ್ಲ. ನೀನು ಬರ್ತೀಯಲ್ಲ ಅಂತ ಕಾಯ್ತಿದ್ವಿ.”

ಟೈಲರಮ್ಮ ಅಕ್ಕಿಯನ್ನು ನೋಡಿದಳು, ಎಲೆಕೋಸನ್ನು ನೋಡಿದಳು. ಸಿಟ್ಟು ಬರಲಿಲ್ಲ. ಸಿಟ್ಟಿಗೂ ಒಂದಿಷ್ಟು ಕಸುವು ಬೇಕು. ಅವಳು ಹೊಲಿಗೆಯ ಕೋಣೆಗೆ ಹೋಗಿ, ಗಿರಾಕಿಗಳು ಕಾಯಲೆಂದು ಬಾಗಿಲ ಬಳಿ ಹಾಕಿದ್ದ ಕುರ್ಚಿಯಲ್ಲಿ ಕೂತಳು. ಚಪ್ಪಲಿ ಕಾಲಲ್ಲೇ ಇತ್ತು. ಗಂಡ ಕೆಳಗಿಟ್ಟ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಎರಡೂ ಕೈ ಅದರ ಮೇಲೆ ಹಾಕಿದಳು.

ಗಂಡ ಬಾಗಿಲಿಗೆ ಬಂದ. “ಯಾಕೆ, ಒಳಗೆ ಬರಲ್ವಾ?”

“ನಾನಿನ್ನೂ ಬಂದಿಲ್ಲ ರೀ.”

“ಅಂದ್ರೆ?”

“ನನ್ನ ವಿಮಾನ ಇಳಿಯೋದು ಆರೂವರೆಗೆ.”

“ತಮಾಷೆ ಮಾಡ್ಬೇಡ. ನಾನೇ ಕರ್ಕೊಂಡು ಬಂದಿದೀನಿ.”

“ಆರೂವರೆಗೆ” ಎಂದು ಟೈಲರಮ್ಮ ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದಳು.

ಅವನು ನಿಂತೇ ಇದ್ದ. ಲಿಫ್ಟಿನಲ್ಲಿ ಸಿಕ್ಕಿಕೊಂಡ ಎಷ್ಟೋ ಜನರನ್ನು ಬಿಡಿಸಿದವನು ಈಗ ಯಾವ ಗುಂಡಿ ಒತ್ತಬೇಕೆಂದು ತಿಳಿಯದೆ ನಿಂತ. ಆಮೇಲೆ ಅವನ ಹೆಜ್ಜೆ ಅಡುಗೆಮನೆಯ ಕಡೆ ಹೋದದ್ದು ಕೇಳಿಸಿತು. ನಲ್ಲಿ ಬಿಟ್ಟ ಸದ್ದು, ಮುಚ್ಚಳ ಬಿದ್ದ ಸದ್ದು, ಚಾಕು ಹಲಗೆಗೆ ತಾಗಿದ ಸದ್ದು ಬಂತು. ಸ್ವಲ್ಪ ಹೊತ್ತಿನ ಮೇಲೆ ಅಭ್ಯಾಸದಂತೆ ಅವನು ಕೂಗಿದ.

“ಏನೇ, ಅನ್ನಕ್ಕೆ ಎಷ್ಟು ನೀರು ಹಾಕ್ಬೇಕು?”

ಟೈಲರಮ್ಮನ ಕಾಲು ತಾನಾಗಿಯೇ ಏಳಲು ನೆಲಕ್ಕೆ ಒತ್ತಿತು. ಅಷ್ಟರಲ್ಲಿ ಊಟದ ಮೇಜಿನಿಂದ ಮಾವನ ಲಾರಿ ಗಂಟಲು ಕೇಳಿಸಿತು.

“ಯಾರನ್ನ ಕೇಳ್ತಿದೀಯೋ? ಅವಳಿನ್ನೂ ಬಂದಿಲ್ಲ.”